ಮಂಗಳವಾರದಿಂದ ನಮ್ಮವನಾದವನಿಗೆ

ನನ್ನ ಮಾಜಿ ವೈರಿ ಮರ್ಲ್ ಸ್ಟ್ರೌಡ್,

ಕೈ ರೂಢಿಯಂತೆ 'ಪ್ರೀತಿಯ' ಎಂದು ಬರೆಯಲು ಹೊರಟಿತ್ತು, ಗದರಿ ನಿಲ್ಲಿಸಿದೆ. ಇಪ್ಪತ್ತು ವರ್ಷ ನಿನ್ನನ್ನು 'ವೈರಿ' ಎಂದೇ ಕರೆದೆ. ಕರೆದಾಗಲೆಲ್ಲ ಅದರಲ್ಲಿ ಅಕ್ಕರೆಯಿತ್ತು. ಈಗ ಅದನ್ನೂ ಕೊಡಲಾರೆ. ವೈರಿಯಾಗುವುದಕ್ಕೂ ಒಂದು ಯೋಗ್ಯತೆ ಬೇಕು. ಆದ್ದರಿಂದ ನೀನು ಮಾಜಿ.

ಪರದೆ ಮೇಲೇಳಲಿ, ನಿನ್ನ ಹೊಸ ವೇಷವನ್ನು ಊರೆಲ್ಲ ನೋಡಲಿ! ರಾಜ್ಯದ ಚುನಾವಣಾ ಮಂಡಳಿಗೆ ಗವರ್ನರ್ ನಿನ್ನನ್ನು ನೇಮಿಸಿದ್ದಾರೆಂದು ರೇಡಿಯೋ ಹೇಳಿದಾಗ ನಾನು ಒಲೆಯ ಮುಂದಿದ್ದೆ. ಸುಳ್ಳೇಕೆ ಹೇಳಲಿ, ಆ ಕ್ಷಣ ಹೆಮ್ಮೆಪಟ್ಟೆ. ಆಮೇಲಿನ ವಾಕ್ಯ ಬಂತು. ನೇಮಕವಾದದ್ದು ನನ್ನ ಪಕ್ಷದ ಕುರ್ಚಿಗೆ. ನನ್ನ ಪಕ್ಷದ ಕುರ್ಚಿಗೆ! ಬುದ್ಧಿ ಬಂದಾಗಿನಿಂದ ನೀನು ಬೈದುಕೊಂಡೇ ಬಂದ ಪಕ್ಷದ ಕುರ್ಚಿಗೆ! ನಮ್ಮ ಮೆರವಣಿಗೆ ನಿನ್ನ ಮನೆಯ ಮುಂದೆ ಬಂದರೆ ನಾಯಿಯನ್ನು ಒಳಗೆ ಕಟ್ಟಿ, "ಸಹವಾಸದಿಂದ ಅದೂ ಕೆಟ್ಟೀತು" ಎನ್ನುತ್ತಿದ್ದವನು ನೀನಲ್ಲವೇ?

ಆ ಮಂಡಳಿಯನ್ನು ಹಿಂದಿನವರು ಕಟ್ಟಿದ್ದೇ ಪರಸ್ಪರ ಅನುಮಾನದ ಮೇಲೆ. ಅದೇ ಅದರ ಚೆಲುವು. ನಾಲ್ಕು ಕುರ್ಚಿ, ಎರಡು ನಿಮಗೆ, ಎರಡು ನಮಗೆ. ಒಂದು ಖಾಲಿಯಾದರೆ ಗವರ್ನರ್ ತಮಗೆ ಬೇಕಾದವರನ್ನು ತಂದು ಕೂರಿಸುವಂತಿಲ್ಲ. ಯಾರ ಕುರ್ಚಿಯೋ ಆ ಪಕ್ಷ ಮೂರು ಹೆಸರು ಕಳಿಸಬೇಕು, ಗವರ್ನರ್ ಅದರಲ್ಲೊಂದನ್ನು ಆರಿಸಬೇಕು, ರಾಜ್ಯದ ಶಾಸನಸಭೆಯ ಸೆನೆಟ್ ಒಪ್ಪಬೇಕು. ಮಂಡಳಿಯ ಯಾವ ತೀರ್ಮಾನಕ್ಕೂ ಮೂರು ಮತ ಬೇಕು. ಅಂದರೆ ಎದುರು ಕಡೆಯ ಒಬ್ಬರಾದರೂ ಹೂಂ ಅನ್ನಬೇಕು. ಖರ್ಚು ಹೆಚ್ಚೆಂದು ನಮ್ಮೂರು ಟ್ಯಾಮರಾಕ್ ಫೋರ್ಕಿನ ಮತಗಟ್ಟೆಯನ್ನು ಮುಚ್ಚಿಸಲು ಗವರ್ನರ್ ಕಡೆಯವರು, ಅಂದರೆ ನಿನ್ನವರು, ಎರಡು ಸಲ ಹೊರಟು ಸೋತದ್ದು ಆ ಮೂರನೆಯ ಮತ ಸಿಗದೆ. ಅದನ್ನೀಗ ನೀನು ನನ್ನ ಪಕ್ಷದ ಕೋಟು ತೊಟ್ಟು ಹಾಕಲಿದ್ದೀಯ. ನವೆಂಬರಿನ ಹಿಮದಲ್ಲಿ ಕಣಿವೆ ದಾಟಿ ಮತ ಹಾಕಲು ಈ ಊರಿನ ಮುದುಕರಲ್ಲಿ ಯಾರು ಹೋಗುತ್ತಾರೆ, ಮರ್ಲ್?

ನಮ್ಮವರ ಮೂರ್ಖತನವನ್ನು ನಾನು ಮುಚ್ಚಿಡುವುದಿಲ್ಲ. ರಾಜಧಾನಿಯ ಹೋಟೆಲಿನಲ್ಲಿ ಸೇರಿ, ಎರಡು ಹೆಸರನ್ನು ಊಟಕ್ಕೆ ಮುಂಚೆಯೇ ಒಪ್ಪಿ, ಮೂರನೆಯದಕ್ಕಾಗಿ ಗಡುವು ಮುಗಿಯುವ ತನಕ ಕಚ್ಚಾಡಿದರು. ಗಡುವು ಮೀರಿದರೆ ಗವರ್ನರ್ "ಆ ಪಕ್ಷಕ್ಕೆ ಸೇರಿದ ಯಾರನ್ನಾದರೂ" ನೇಮಿಸಬಹುದು ಎನ್ನುತ್ತದೆ ಕಾನೂನು. ಸೇರಿದ. ಆ ಒಂದು ಪದದ ಸಂದಿಯಲ್ಲಿ ನುಸುಳಿದೆಯಲ್ಲ ನೀನು! ಮಂಗಳವಾರ ಕೌಂಟಿ ಕಚೇರಿಯ ಮತದಾರರ ಪಟ್ಟಿಯಲ್ಲಿ ನಿನ್ನ ಪಕ್ಷ ಬದಲಿಸಿಕೊಂಡೆ, ಶುಕ್ರವಾರ ನಿನ್ನ ಹೆಸರು ರೇಡಿಯೋದಲ್ಲಿತ್ತು.

ಮೇವಿನ ಅಂಗಡಿಯಲ್ಲಿ ನಿನ್ನನ್ನು ಅಡ್ಡಗಟ್ಟಿ, ಇದೇನು ನಾಚಿಕೆಗೇಡು ಎಂದು ಕೇಳಿದೆ. ನೀನು ಓಟ್ಸ್ ಮೂಟೆಗೆ ಒರಗಿ ನಕ್ಕೆ. "ಆ ಪಕ್ಷದವನಾಗಿರಬೇಕು ಅನ್ನತ್ತೆ ಕಾನೂನು. ಯಾವತ್ತಿಂದ ಅಂತ ಕೇಳಲ್ಲ. ಮಂಗಳವಾರದಿಂದ ನಾನು ನಿಮ್ಮವನೇ ಕಣೆ ಡಾರ್ಲಾ. ಒಂದು ಸ್ವಾಗತ ಆದ್ರೂ ಮಾಡ್ಬಾರ್ದಾ?" ಅಂಗಡಿಯೆಲ್ಲ ನಕ್ಕಿತು. ಊರಿನ ನಾಟಕಗಳಲ್ಲಿ ರಾಣಿಯರ ಪಾತ್ರ ಮಾಡಿದ ನಾನು ಅವತ್ತು ಬಾಗಿಲು ದಢಾರನೆ ಎಳೆದುಕೊಂಡು ಹೊರಟುಬಂದೆ. ಉತ್ತರ ಇಲ್ಲಿದೆ, ಕೇಳು.

ಇಪ್ಪತ್ತು ವರ್ಷ ನಾವಿಬ್ಬರೂ ನಮ್ಮ ಮತಗಟ್ಟೆಯ ಅಧಿಕಾರಿಗಳು: ರೈತ ಸಂಘದ ಹಾಲ್‌ನಲ್ಲಿ ಆ ಅಗಲ ಮೇಜಿನ ಆ ಬದಿಗೆ ನೀನು, ಈ ಬದಿಗೆ ನಾನು, ನಡುವೆ ಎರಡು ಬೀಗದ ತಗಡಿನ ಮತಪೆಟ್ಟಿಗೆ. ಒಂದು ಕೀಲಿ ನಿನ್ನ ಪಕ್ಷದ್ದು, ಒಂದು ನನ್ನದು. ಮಧ್ಯಾಹ್ನ ನಿನ್ನ ಜಿಂಕೆ ಮಾಂಸದ ಚಿಲ್ಲಿ ಸಾರು, ನನ್ನ ದಾಲ್ಚಿನ್ನಿ ರೋಲ್. ಒಂದು ವರ್ಷ ನಿನಗೆ ಮೈ ಸುಡುವ ಜ್ವರ. ಕೀಲಿ ಕೊಟ್ಟು ಕಳಿಸು, ನೀನು ಮಲಗಿಕೋ ಎಂದು ನಾನು ಫೋನ್ ಮಾಡಿದೆ. ನೀನು ಕಂಬಳಿ ಹೊದ್ದು ನಡುಗುತ್ತ ಹಾಲ್‌ನ ಬಾಗಿಲಲ್ಲಿ ಬಂದು ನಿಂತೆ. "ನಿನ್ನ ಕೈಗೆ ಕೀಲಿ ಕೊಡೋದಾ? ಜ್ವರ ಬಂದಿದೆ ಅಷ್ಟೇ, ಬುದ್ಧಿ ಕೆಟ್ಟಿಲ್ಲ." ನನ್ನನ್ನು ಅಷ್ಟು ಗೌರವದಿಂದ ಅನುಮಾನಿಸಿದವರು ಬೇರಾರೂ ಇಲ್ಲ.

ಆ ಹೃದಯದ ಮತಪತ್ರ ನೆನಪಿದೆಯೇ? ಶಾಲಾ ಮಂಡಳಿಯ ಚುನಾವಣೆಗೆ ನಿನ್ನ ತಮ್ಮನೇ ನಿಂತಿದ್ದ. ಯಾರೋ ಪುಣ್ಯಾತ್ಮರು ವೃತ್ತ ತುಂಬುವ ಬದಲು ಅವನ ಎದುರಾಳಿಯ ಹೆಸರಿನ ಪಕ್ಕ ಹೃದಯ ಬರೆದಿದ್ದರು. ಇದು ತಿರಸ್ಕೃತ ಎಂದು ನಾನೇ ಬದಿಗಿಟ್ಟೆ. ನೀನು ಅದನ್ನು ಎತ್ತಿ ದೀಪದ ಕೆಳಗೆ ಹಿಡಿದೆ. "ಮನಸ್ಸು ಕಾಣ್ತಿದೆ ಡಾರ್ಲಾ. ಎಣಿಸು." ಎಣಿಸಿದೆವು. ನಿನ್ನ ತಮ್ಮ ಆ ಒಂದೇ ಮತದಿಂದ ಸೋತ. ಇಡೀ ಚಳಿಗಾಲ ಅವನು ನಿನ್ನ ಜೊತೆ ಮಾತು ಬಿಟ್ಟ.

ಆ ಮರ್ಲ್ ಎಲ್ಲಿ ಹೋದ? ಯಾವ ಕುರ್ಚಿಯ ಹೊಳಪಿಗೆ ಅವನನ್ನು ಮಾರಿದೆ?

ವೇಷ ಬದಲಿಸುವ ಆತುರದಲ್ಲಿ ನೀನೊಂದು ಮರೆತೆ. ಪೆಟ್ಟಿಗೆಯ ಎರಡು ಕೀಲಿಯೂ ಒಂದೇ ಪಕ್ಷದವರ ಬಳಿ ಇರುವಂತಿಲ್ಲ. ನೀನು ನಮ್ಮವನಾದ ಮಂಗಳವಾರವೇ ಆ ಕೀಲಿ ನಿನ್ನದಲ್ಲವಾಯಿತು, ಮತಗಟ್ಟೆಯ ಮೇಜಿನ ನಿನ್ನ ಕುರ್ಚಿ ಖಾಲಿಯಾಯಿತು. ನಿನ್ನ ಹಳೆಯ ಪಕ್ಷದವರು ಗಡುವಿಗೆ ಮುಂಚೆಯೇ ಹೊಸ ಹೆಸರು ಕಳಿಸಿದರು, ಕೌಂಟಿಯವರು ಒಪ್ಪಿದರು. ಈ ಬುಧವಾರ ನಿನ್ನ ಜಾಗಕ್ಕೆ ಬಂದವಳು ನನ್ನ ಬಾಗಿಲು ಬಡಿದಳು. ನಿನ್ನ ನೆಟ್ಟಿ. ನಿನ್ನ ಧರ್ಮಪತ್ನಿ.

"ಅವರು ಪಕ್ಷ ಬಿಟ್ರು, ನಾನು ಬಿಟ್ಟಿಲ್ಲ," ಎಂದಳು. "ಕೀಲಿ ಅಡುಗೆಮನೆ ಮೊಳೆಗೇ ನೇತಾಡ್ತಿತ್ತು. ತಗೊಂಡೆ. ಮತಗಟ್ಟೆ ಮುಚ್ಚಿದ್ರೆ ನಮ್ಮಮ್ಮನ್ನ ಗಾಲಿಕುರ್ಚಿಲಿ ಕಣಿವೆ ದಾಟ್ಸೋಕೆ ನನ್ನಿಂದಾಗಲ್ಲ."

ಮುಂದಿನ ಗುರುವಾರ ಸೆನೆಟ್ ನಿನ್ನ ವಿಚಾರಣೆಗೆ ಕೂರುತ್ತದೆ. ಪೆಟ್ಟಿಗೆ ಹಿಡಿದು ನಾವಿಬ್ಬರೂ ಬರುತ್ತೇವೆ. ಒಬ್ಬಳು ನೀನು ಬಿಟ್ಟ ಪಕ್ಷದವಳು, ಒಬ್ಬಳು ನೀನು ಹೊಕ್ಕ ಪಕ್ಷದವಳು. ಇಬ್ಬರ ಕೋರಿಕೆಯೂ ಒಂದೇ. ಇವನನ್ನು ತಿರಸ್ಕರಿಸಿ. ಆಗ ನೀನು ನಿನ್ನ ಹೊಸ ಕೋಟು ನೋಡಿಕೊಳ್ಳಬೇಡ, ಅವಳ ಮುಖ ನೋಡು.

ಇನ್ನೊಂದು ಹೇಳಿಬಿಡುತ್ತೇನೆ. ಎರಡೂ ಕೀಲಿ ನನ್ನ ಬಳಿಯೇ ಇರಲಿ, ದಾರಿಯಲ್ಲಿ ಕಳೆದೀತು ಎಂದು ಕೈ ಚಾಚಿದೆ. ನೆಟ್ಟಿ ಮುಷ್ಟಿ ಬಿಗಿ ಮಾಡಿ ಬೆನ್ನ ಹಿಂದೆ ಇಟ್ಟುಕೊಂಡಳು.

"ನಿನ್ನ ಕೈಗಾ?" ಎಂದಳು.

ನನ್ನ ಕಣ್ಣು ತುಂಬಿಬಂತು, ಮರ್ಲ್. ನನಗೆ ಮತ್ತೆ ಒಬ್ಬಳು ವೈರಿ ಸಿಕ್ಕಿದ್ದಾಳೆ.

ದೇವರು ನಿನಗೆ ಜ್ವರ ಕೊಡದಿರಲಿ. ಕಂಬಳಿ ಹೊದ್ದು ಹೋಗಬೇಕಾದ ಜಾಗವೂ ನಿನಗಿನ್ನು ಉಳಿದಿಲ್ಲ. ಹೋಗಿ ಬಾ. ನಿನ್ನ ಮನಸ್ಸು ಕಾಣುತ್ತಿದೆ. ಎಣಿಸಿಬಿಟ್ಟೆ.

ನೀನು ಎದ್ದುಹೋದ ಮೇಜಿನ ಈ ಬದಿಯಿಂದ,
ಡಾರ್ಲಾ ಹೆನ್ನಿಗ್