ಒಂದು ಪ್ಯಾಂಟಿಗೆ ನಾಲ್ವರು

ಸನ್ಮಾನ್ಯ ಸುಧಾರಾಣಿ ಮೇಡಂ ಅವರ ಸನ್ನಿಧಿಗೆ,

ಬಳ್ಳಾರಿಯಲ್ಲಿ ಮುಚ್ಚಿಹೋದ ಜೀನ್ಸ್ ಘಟಕದ ಬಟನ್ ವಿಭಾಗಕ್ಕೆ ಏಕೈಕ ಮುಖ್ಯಸ್ಥನೂ ಏಕೈಕ ನೌಕರನೂ ಆಗಿದ್ದ ಹುಲುಗೇಶನ ಸಾಷ್ಟಾಂಗ ನಮಸ್ಕಾರ.

ಹೊರದೇಶದ ಅಗ್ಗದ ಪ್ಯಾಂಟು ಬಂದು ನಮ್ಮ ಕೆಲಸ ಹೋಯಿತು. ಹೀಗೆ ಕೆಲಸ ಕಳೆದುಕೊಂಡವರು ಪರೀಕ್ಷೆ ಪಾಸಾದರೆ ಸರ್ಕಾರ ಹೊಲಿಗೆ ಯಂತ್ರ ಕೊಡುತ್ತದೆಂದು ನಿನ್ನೆ ಘಟಕದ ನಾವು ನಾಲ್ವರು ನಿಮ್ಮ ಮುಂದೆ ಕೂತೆವು. ಒಬ್ಬೊಬ್ಬರೂ ಪೂರ್ತಿ ಪ್ಯಾಂಟು ಹೊಲಿಯಬೇಕು ಎಂದಿರಿ. ಅನುಷಾ ಜೇಬು ಹಚ್ಚಿ, ಘಟಕದ ರೂಢಿಯಂತೆ ಪಕ್ಕದ ಗಿಡ್ಡಮ್ಮಕ್ಕನಿಗೆ ದಾಟಿಸಿದಳು. ಅಕ್ಕ ಕಣ್ಣು ಮಿಟುಕಿಸುವುದರೊಳಗೆ ಜಿಪ್ ಕೂರಿಸಿ ಪಂಪಣ್ಣನ ತೊಡೆಗೆ ಎಸೆದರು. ಅವನು ಕಾಲು ಜೋಡಿಸಿ, ಸೊಂಟದ ಪಟ್ಟಿ ಹೊಲಿದು ನನಗೆ ಕೊಟ್ಟ. ನಾನು ಬಟನ್ ಜಡಿದು, ನಿಮ್ಮ ಮೇಜಿನ ಮೇಲಿಟ್ಟು ಸೆಲ್ಯೂಟ್ ಹೊಡೆದೆ. ಅಂಥ ಜಿಪ್ಪನ್ನು ಮಂತ್ರಿಗಳೂ ಹಾಕಿರಲಿಕ್ಕಿಲ್ಲ!

ಎರಡನೇ ಪ್ಯಾಂಟಿಗೂ ಅಕ್ಕ ಜಿಪ್ ಮಾತ್ರ ಕೂರಿಸಿ ಪಂಪಣ್ಣನತ್ತ ಚಾಚಿದಾಗ, "ಉಳಿದದ್ದನ್ನೂ ನೀವೇ ಹೊಲೀರಿ, ಇಲ್ಲಾಂದ್ರೆ ಫೇಲ್" ಎಂದು ನೀವು ಅಕ್ಕನನ್ನು ಗದರಿದಿರಿ.

"ಮುಂದಿಂದು ಪಂಪಣ್ಣನ ಕೆಲಸ ಐತ್ರೀ ಮೇಡಂ. ಮೊದಲೇ ಕೆಲಸ ಇಲ್ದ ಕುಂತಾನ. ನಾ ಹೆಂಗ ಕಸ್ಕೊಳ್ಳಲಿ?" ಎಂದರು ಅಕ್ಕ.

ಆಗ ನೀವು ಫೇಲ್ ಎಂದು ಬರೆಯದೆ ಪೆನ್ನು ಕೆಳಗಿಟ್ಟಿರಿ. ಆ ಧೈರ್ಯದ ಮೇಲೆ ಈ ವಿನಂತಿ: ನಮ್ಮ ನಾಲ್ವರನ್ನೂ ಒಬ್ಬರೆಂದೇ ಎಣಿಸಿ ಒಂದು ಯಂತ್ರ ಕೊಡಿ. ಕುರುಗೋಡಿನಲ್ಲಿ ಅಕ್ಕನ ತಮ್ಮನ ಶೆಡ್ಡು ಖಾಲಿ ಇದೆ; ಅಲ್ಲೇ ಸಾಲಾಗಿ ಕೂರುತ್ತೇವೆ.

ನಿಯಮ ಒಪ್ಪದಿದ್ದರೆ, ಗಿಡ್ಡಮ್ಮಕ್ಕನೊಬ್ಬರನ್ನೇ ಪಾಸು ಮಾಡಿ. ಪಂಪಣ್ಣ, ಅನುಷಾ ಒಪ್ಪಿದ್ದಾರೆ. ನಾವು ಹೀಗೆ ಬರೆದೆವೆಂದು ಮಾತ್ರ ಅಕ್ಕನಿಗೆ ಹೇಳಬೇಡಿ. ಗೊತ್ತಾದರೆ ಯಂತ್ರವನ್ನು ನಿಮಗೇ ವಾಪಸು ತಂದುಕೊಟ್ಟುಬಿಡುತ್ತಾರೆ.

ಇಂತಿ,
ಕೈ ಖಾಲಿಯಿದ್ದರೂ ಬಾಯಿ ಖಾಲಿಯಿರದ
ಹುಲುಗೇಶ