ನಾಲ್ಕು ತೊಟ್ಟಿ, ಒಂದು ಕುಂಟೆ

3 ಏಪ್ರಿಲ್ 1978, ಸೋಮವಾರ

ಮತ್ತೆ ಐದು ಮೀನು ಸತ್ತಿವೆ. ನನ್ನದೇ ತಪ್ಪು. ಬ್ಲೀಚಿಂಗ್ ವಾಸನೆ ಮೂಗಿಗೆ ಬಡಿದರೂ ನಲ್ಲಿ ನೀರನ್ನು ನೇರವಾಗಿ ತೊಟ್ಟಿಗೆ ಬಿಟ್ಟೆ. ಒಂದು ದಿನ ಡ್ರಮ್ಮಿನಲ್ಲಿ ಬಿಸಿಲಿಗಿಡಬೇಕಿತ್ತು. ಹನ್ನೊಂದು ವರ್ಷದಿಂದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳು ನಾನು!

ಡ್ರಮ್ ಕೇಳಿದ್ದಕ್ಕೆ ಅತ್ತೆಯ ರಂಪ. "ಜಗದಾಂಬಾ, ಈ ವಿಜಯನಗರದಾಗ ದಿನ ಬಿಟ್ಟು ದಿನ ನೀರು ಬರ್ತೈತಿ. ಲಿಂಗಪೂಜೆ ಮಾಡೋ ಮನಿ ಹಿತ್ತಲದಾಗ ಮೀನಿಗೆ ನೀರು ತುಂಬತೀಯಲ್ಲ, ಮಂದಿ ಏನಂದಾರು?"

ಮಂದಿಗೆ ಏನು ಹೇಳಲಿ. ಕೆಂಗೇರಿ ಆಚೆ ಬೈರಯ್ಯ ಗುತ್ತಿಗೆ ಹಿಡಿದ ಕುಂಟೆಯಲ್ಲಿ ಫೆಬ್ರವರಿಯಿಂದ ಕಾಟ್ಲಾ ಮೀನು ಹೊಟ್ಟೆ ಮೇಲಾಗಿ ತೇಲುತ್ತಿವೆ. ಕುಂಟೆಗೆ ಸೇರುವ ಮೋರಿಯ ಮೇಲ್ಗಡೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ನೀರು ಕೆಟ್ಟಿದೆ ಎನ್ನುತ್ತಾರೆ ಬೈರಯ್ಯ. ಮೇವು ಕೆಟ್ಟಿದೆ ಎನ್ನುತ್ತಾರೆ ಮೀನುಗಾರಿಕೆ ಆಫೀಸಿನ ಗೋಪೀನಾಥ. ಪರೀಕ್ಷೆ ಮಾಡಿ ವರದಿ ಕೊಡಿ ಎಂದು ತಹಸೀಲ್ದಾರರು ನನ್ನ ತಲೆಗೆ ಕಟ್ಟಿದ್ದಾರೆ. ಮುಂದಿನ ತಿಂಗಳು ಅವರ ಮುಂದೆ ವಿಚಾರಣೆ.

6 ಏಪ್ರಿಲ್, ಗುರುವಾರ

ಬೈರಯ್ಯ ಕುಂಟೆ ನೀರು ತಂದರು. ಕಂಡಕ್ಟರ್ ಕ್ಯಾನು ಹತ್ತಿಸಲಿಲ್ಲವಂತೆ. ಕೆಂಗೇರಿಯಿಂದ ಸೈಕಲ್ ತಳ್ಳಿಕೊಂಡೇ ಬಂದಿದ್ದಾರೆ, ಅರವತ್ತರ ಹತ್ತಿರದ ಮನುಷ್ಯ. ಅರ್ಧ ದಾರಿಯಲ್ಲೇ ಚೆಲ್ಲಿದೆ. ಉಳಿದಷ್ಟರಲ್ಲೇ ಶುರು ಮಾಡಬಹುದು, ನಾಳೆ ಇನ್ನೊಂದು ಸಲ ತರುತ್ತಾರೆ.

ಕೊನೆಗೂ ಶುರು. ಒಂದನೇ ತೊಟ್ಟಿ — ಒಳ್ಳೆಯ ನೀರು, ಮೇವಿಗೆ ಹೊಸ ಕಡಲೆಕಾಯಿ ಹಿಂಡಿ. ಎರಡನೆಯದು — ಒಳ್ಳೆಯ ನೀರು, ಬೈರಯ್ಯನವರ ಮನೆಯ ಹಿಂಡಿ. ಮೂರನೆಯದು — ಕುಂಟೆ ನೀರು, ಹೊಸ ಹಿಂಡಿ. ನಾಲ್ಕನೆಯದು — ಕುಂಟೆ ನೀರು, ಅವರದೇ ಹಿಂಡಿ. ತೊಟ್ಟಿಗೆ ಹನ್ನೆರಡು ಮರಿ.

ಅವರ ಹಿಂಡಿ ಮೂಸಿ ನೋಡಿದೆ. ಮುಗ್ಗಲು. ಒಳಗೆ ಹಸಿರು ಬೂಸ್ಟು. ಅವರಿಗೆ ಏನೂ ಹೇಳಲಿಲ್ಲ. ಯಾಕೋ.

29 ಏಪ್ರಿಲ್, ಶನಿವಾರ

ಕಾಲೇಜಿಗೆ ರಜೆ, ನನಗಿಲ್ಲ. ಅಡುಗೆಮನೆಗೆ ತರಕೂಡದು ಎಂದು ಅತ್ತೆಯ ಆಜ್ಞೆ. ಬಟ್ಟೆ ಒಗೆಯುವ ಕಲ್ಲಿನ ಮೇಲೇ ಮೀನು ಕೊಯ್ದು ನೋಡಿದೆ.

ಒಂದನೇ ತೊಟ್ಟಿಯಲ್ಲಿ ಹನ್ನೆರಡೂ ಚೆನ್ನಾಗಿವೆ. ಎರಡರಲ್ಲಿ ಉಳಿದದ್ದು ಒಂಬತ್ತು, ಬಡಕಲು, ಲಿವರ್ ಬಿಳಚಿಕೊಂಡಿದೆ. ಮೂರರಲ್ಲಿ ಐದು. ಕಿವಿರಿನ ಮೇಲೆಲ್ಲ ಲೋಳೆ. ನೀರಿನ ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ನಾಲ್ಕರಲ್ಲಿ ಒಂದೂ ಇಲ್ಲ.

ಅಂದರೆ ಎರಡೂ ಸರಿ. ನೀರು ಹೆಚ್ಚು ಕೊಂದಿದೆ, ಹಿಂಡಿಯೂ ಕೊಂದಿದೆ. ಎರಡೂ ಸೇರಿದ ಕಡೆ ಯಾವುದೂ ಉಳಿದಿಲ್ಲ. ಯಾರಿಗೂ ಬೇಡವಾದ ಉತ್ತರ!

2 ಮೇ, ಮಂಗಳವಾರ

ಗೋಪೀನಾಥರ ಆಫೀಸು. ಮುಕ್ಕಾಲು ಗಂಟೆ ಕಾಯಿಸಿದರು. ವರದಿಯ ಎರಡನೇ ಪುಟದಲ್ಲೇ ಬೆರಳಿಟ್ಟು ನಿಂತರು.

"ಮೇವು ಕೆಟ್ಟಿತ್ತು ಅಂತ ನೀವೇ ಬರ್ದಿದೀರಲ್ಲ ಮೇಡಂ. ಮುಗೀತಲ್ಲ."

"ಮೂರನೇ ಪುಟ ನೋಡಿ ಸಾರ್. ಒಳ್ಳೇ ಮೇವು ತಿಂದವೂ ಆ ನೀರಲ್ಲಿ ಸತ್ತಿವೆ."

"ಎರಡೂ ಅಂತ ಬರ್ದ್ರೆ ತಹಸೀಲ್ದಾರ್ರು ಏನ್ ಮಾಡ್ಬೇಕು ಹೇಳಿ? ಮೂರನೇ ಪುಟ ತೆಗೀರಿ. ಕೆಲಸ ಸಲೀಸಾಗುತ್ತೆ."

ಯಾರ ಕೆಲಸ? ಕೇಳಬೇಕಿತ್ತು. ಬಸ್ಸಿನಲ್ಲಿ ಕೂತಮೇಲೆ ನೆನಪಾಯಿತು. ಯಾವಾಗಲೂ ಹೀಗೇ.

4 ಮೇ, ಗುರುವಾರ

ಬೈರಯ್ಯ ಬಂದರು. ಎಲ್ಲ ಹೇಳಿದೆ. ಅವರೂ ಅದನ್ನೇ ಕೇಳಿದರು, ತಿರುಗಿಸಿ.

"ನೀರು ಅಂತ ಒಂದೇ ಬರ್ದ್ಬುಡಿ ಮೇಡಮ್ಮೋರೇ. ಹಿಂಡಿ ಮಾತು ಯಾಕೆ?"

ರೇಗಿಹೋಯಿತು. ಕೈ ಹಿಡಿದು ಎರಡನೇ ತೊಟ್ಟಿಯ ಹತ್ತಿರ ಕರೆದುಕೊಂಡು ಹೋದೆ. "ನೋಡಿ. ಇದು ನಲ್ಲಿ ನೀರು. ಇವು ತಿಂದಿದ್ದು ನಿಮ್ಮ ಹಿಂಡಿ."

ತುಂಬ ಹೊತ್ತು ಬಗ್ಗಿ ನೋಡಿದರು. ಆಮೇಲೆ ಅಲ್ಲೇ ಕುಕ್ಕರಗಾಲಲ್ಲಿ ಕೂತರು.

"ಚೀಲ ಕೊಟ್ಟಿಗೇಲಿತ್ತು. ಸೂರು ಸೋರ್ತಿತ್ತು, ನಾನೇ ನೋಡ್ಲಿಲ್ಲ. ಮೀನು ಸೊರಗ್ತಾವಲ್ಲ ಅಂತ ಎರಡು ಹೊತ್ತು ಹಾಕ್ತಿದ್ದಿದ್ದ ಮೂರು ಹೊತ್ತು ಹಾಕ್ದೆ ಕಣಮ್ಮ. ಚೇತರಿಸ್ಕೊಳ್ಳಲಿ ಅಂತ. ನನ್ ಕೈಯಾರೆ..."

ನನ್ನ ಸಿಟ್ಟು ಇಳಿಯಿತು. ಹೇಳಿದ ರೀತಿ ಸರಿಯಿರಲಿಲ್ಲ. ಕಾಫಿ ಕೊಟ್ಟೆ. ಮುಟ್ಟದೆ ಹೋದರು.

15 ಮೇ, ಸೋಮವಾರ

ವಿಚಾರಣೆ. ಹತ್ತೂವರೆ ಎಂದವರು ಕರೆದಿದ್ದು ಎರಡಕ್ಕೆ. ವರದಿ ಹಾಗೇ ಕೊಟ್ಟೆ, ಮೂರನೇ ಪುಟ ಸಮೇತ. ಬೈರಯ್ಯ ಬರಲಾರರು ಅಂದುಕೊಂಡಿದ್ದೆ. ಬಂದಿದ್ದರು, ಮಡಿ ಮಾಡಿದ ಪಂಚೆ ಉಟ್ಟು.

ಗೋಪೀನಾಥ "ಮೇವು" ಎಂದು ಬಾಯಿ ತೆರೆಯುವ ಮೊದಲೇ ಬೈರಯ್ಯ ಎದ್ದು ನಿಂತರು.

"ಹಿಂಡಿ ಕೆಟ್ಟಿತ್ತು ಸ್ವಾಮಿ. ಅದು ನನ್ ತಪ್ಪು, ಒಪ್ಕೊಂತೀನಿ. ಬರ್ಕೊಳ್ಳಿ. ಈಗ ಕಾರ್ಖಾನೆಯೋರು ಅವರ್ದು ಏನು ಅಂತ ಹೇಳ್ಲಿ."

ತಹಸೀಲ್ದಾರರು ಮೂರನೇ ಪುಟ ತಿರುಗಿಸಿ ಓದಿದರು. ಕಾರ್ಖಾನೆಗೆ ಮುಂಚೆ ತಿಳಿಸದೆ ಮೋರಿ ನೀರನ್ನು ಪರೀಕ್ಷೆಗೆ ಹಿಡಿಯಬೇಕು, ಬಾಟಲಿಗೆ ಗೋಪೀನಾಥರೇ ಸೀಲ್ ಹಾಕಿ ಸಹಿ ಮಾಡಬೇಕು ಎಂದು ಆರ್ಡರ್ ಆಯಿತು. ಇದಕ್ಕಾಗಿ ಮೂರು ತಿಂಗಳು!

24 ಮೇ, ಬುಧವಾರ

ಬೆಳಿಗ್ಗೆ ಏಳಕ್ಕೆ ಮೋರಿಯ ಬಳಿ. ಜೀಪು ಬಂದಿದ್ದು ಎಂಟಕ್ಕೆ, ಡೀಸೆಲ್ ಇರಲಿಲ್ಲವಂತೆ. ಎಂಟೂಕಾಲಿಗೆ ನೀರು ಬಂತು, ನೇರಳೆ ಬಣ್ಣ, ನೊರೆ ನೊರೆ. ಬಾಟಲಿ ಹಿಡಿದವರು ಬೈರಯ್ಯ. ಒದ್ದೆ ಬಾಟಲಿಯನ್ನು ಒತ್ತಿ ಹಿಡಿದು ಅರಗು ಕರಗಿಸಿ ಸೀಲ್ ಹಾಕುವಾಗ ಗೋಪೀನಾಥರ ಎರಡೂ ಕೈ ನೇರಳೆಯಾಯಿತು. ಸಹಿ ಮಾಡಿದರು. ಕರ್ಚೀಫಿನಿಂದ ಉಜ್ಜಿದರು, ಹೋಗಲಿಲ್ಲ.

"ಕೈ ತೊಳ್ಕೊಳ್ಳೋಕೆ ಎಲ್ರೀ ನೀರು?"

ಬೈರಯ್ಯ ಕುಂಟೆ ತೋರಿಸಿದರು. ಗೋಪೀನಾಥ ದಂಡೆಯವರೆಗೆ ಹೋದರು, ನೋಡಿದರು. ಇಳಿಯಲಿಲ್ಲ. ಎರಡೂ ಕೈಯನ್ನು ಮೈಗೆ ತಾಗದಂತೆ ದೂರ ಹಿಡಿದುಕೊಂಡು ಜೀಪಿನ ತನಕ ಹಾಗೇ ನಡೆದರು.