ಪ್ರಶ್ನೆಯ ನಂತರದ ಮೌನವನ್ನು ಕುರಿತು

ಧಾರವಾಡ, ಕ್ರಿ.ಶ. 2231, ಫೆಬ್ರವರಿ 30

ಸಾಯಬೇಕೆನ್ನಿಸುವ ಹದಿಹರೆಯದವರಿಗೆ ಯಾವ ಬಗೆಯ ಮಾತುಚಿಕಿತ್ಸೆ ನೆರವಾಗುತ್ತದೆ ಎಂದು ನನಗಿಂತ ಇನ್ನೂರು ವರ್ಷ ಹಿಂದೆ ಇದೇ ಊರಿನಲ್ಲಿ ಪರೀಕ್ಷಿಸುತ್ತಿರುವ ಸಂಶೋಧಕರಿಗೆ,

ತಾರೀಖು ತಪ್ಪಲ್ಲ. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ತಿಂಗಳುಗಳನ್ನು ಸರಿಸಮ ಮಾಡಿದರು. ನನ್ನ ಕೆಲವು ಮಾತುಗಳು ವಿಚಿತ್ರವಾಗಿ ಕಂಡರೆ ಕ್ಷಮಿಸಿ; ನಿಮ್ಮ ಕಾಲದ ಕನ್ನಡವನ್ನು ನಾನು ಬರೀ ಕೇಳಿ ಕಲಿತವಳು. ನನ್ನ ಕೆಲಸ ಧ್ವನಿಕಣಜದಲ್ಲಿ. ಹಳೆಯ ದನಿಗಳನ್ನು ಕೆಡದಂತೆ ಕಾಪಾಡುವ ಕಟ್ಟಡವನ್ನು ನಾವು ಹಾಗೆ ಕರೆಯುತ್ತೇವೆ.

ನಿಮ್ಮ ಶ್ರಮ ಏನಾಯಿತೆಂದು ಮೊದಲು ಹೇಳಬೇಕು. ನೇರವಾಗಿ ಕೇಳಿದರೆ ಸಾಯುವ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಇರುವುದನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ ಎಂದು ನಿಮ್ಮಂಥವರು ತೋರಿಸಿಕೊಟ್ಟಿದ್ದು ನಮ್ಮಲ್ಲಿ ಮನೆಮನೆಯ ರೂಢಿಯಾಗಿದೆ. ಅದಕ್ಕೆ ಸಂಜೆಪ್ರಶ್ನೆ ಎಂದು ಹೆಸರು. ಬಿಸಿಲಿಳಿದು, ಬೀದಿಗಳ ಮೇಲೆ ಹರಡಿದ ನೆರಳುಬಟ್ಟೆಗಳನ್ನು ಸುತ್ತಿಡುವ ಹೊತ್ತಿಗೆ ಹಿರಿಯರು ಮಕ್ಕಳನ್ನು ಕೇಳುತ್ತಾರೆ: "ಸಾಯಬೇಕು ಅನಸ್ತದೇನು?" ಮಕ್ಕಳು "ಇಲ್ಲ, ನಿಮಗ?" ಎನ್ನುತ್ತಾರೆ. ಕಟಿಂಗ್ ಮಾಡುವವರೂ ಕೇಳುತ್ತಾರೆ, ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. ನಮ್ಮ ಪಕ್ಕದ ಮನೆಯ ಚಿಕ್ಕವಳು ಯಾರೂ ಕೇಳುವ ಮೊದಲೇ, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು, "ಇಲ್ಲ, ನಿಮಗ?" ಎಂದು ಓಡಿಹೋಗುತ್ತಾಳೆ. ನಾವೆಲ್ಲ ನಗುತ್ತೇವೆ.

ನನ್ನ ತಮ್ಮನ ಮಗಳು ಮುಗುಳಿಗೆ ಹದಿನೇಳು. ಕಳೆದ ಮಳೆಗಾಲದ ಒಂದು ಸಂಜೆ ಅವಳೂ ನಮ್ಮ ಪ್ರಶ್ನೆಗೆ ಹಾಗೆಯೇ ಉತ್ತರಿಸಿದಳು. ಅದೇ ಸಂಜೆ ಅವಳನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋಗಬೇಕಾಯಿತು. ಬದುಕಿದಳು. ಮನೆಗೆ ಬಂದ ಮೇಲೆ ಯಾರೊಂದಿಗೂ ಮನಸ್ಸು ಬಿಚ್ಚಲಿಲ್ಲ. ಚಿಕಿತ್ಸಕಿಯ ಎದುರು ಕೂತು ಕೇಳಿದ್ದಕ್ಕೆಲ್ಲ ವಿನಯದಿಂದ ಉತ್ತರಿಸಿ ಎದ್ದು ಬರುತ್ತಿದ್ದಳು. ಅಪಾಯ ಕಳೆದಿಲ್ಲ ಎಂದು ವೈದ್ಯರು ನನ್ನ ತಮ್ಮನಿಗೆ ಹೇಳಿದರು.

ಆಗ ನಾನು ಕಣಜದಲ್ಲಿ ನಿಮ್ಮ ಸಂಶೋಧನೆಯ ಧ್ವನಿಮುದ್ರಣಗಳನ್ನು ಹುಡುಕಿದೆ. ಬಹುಪಾಲು ಹೇಗಿವೆಯೆಂದರೆ, ಪ್ರಶ್ನೆಗೆ ಉತ್ತರ ಅಂಟಿಕೊಂಡೇ ಬರುತ್ತದೆ. ಜಾಗ ಉಳಿಸಲೆಂದು ಯಾರೋ, ಯಾವಾಗಲೋ, ಮಾತಿಲ್ಲದ ಭಾಗಗಳನ್ನು ಯಂತ್ರದಿಂದ ತೆಗೆಸಿದ್ದಾರೆ. ಕೇಳಿದರೆ ನಮ್ಮ ಸಂಜೆಪ್ರಶ್ನೆಯಂತೆಯೇ ಇವೆ. ಒಂದು ಮಾತ್ರ ಇಡಿಯಾಗಿ ಉಳಿದಿತ್ತು.

ಅದರಲ್ಲಿ ಒಬ್ಬ ಹುಡುಗ. ಅವನ ಹೆಸರನ್ನು ಅಳಿಸಿದ್ದಾರೆ, ಅದು ಸರಿಯೇ. ಎದುರಿಗಿದ್ದ ಚಿಕಿತ್ಸಕಿಯನ್ನು ಅವನು ಬಡಿಗೇರ ಮೇಡಮ್ ಎನ್ನುತ್ತಾನೆ.

"ನೀವೂ ಊಟ ಆತೇನು, ನಿದ್ದಿ ಬಂತೇನು ಅಂತ ಕೇಳೋರೇ ಏನ್ರಿ ಮೇಡಮ್?"

"ಊಟದ್ದು ಆಮೇಲೆ ಕೇಳತೀನಪ್ಪಾ. ಸಾಯಬೇಕು ಅನಸ್ತದೇನು ನಿನಗ?"

ಆಮೇಲೆ ಏನೂ ಇಲ್ಲ. ಹೊರಗೆಲ್ಲೋ ನಲ್ಲಿಯ ನೀರು ಬಕೆಟ್ಟಿಗೆ ಬೀಳುತ್ತದೆ. ಮೊದಲು ತಳಕ್ಕೆ ಬಡಿಯುವ ಸದ್ದು, ನಿಧಾನವಾಗಿ ತುಂಬುವ ಸದ್ದು, ತುಳುಕುವ ಸದ್ದು. "ಏ, ನೀರು ಹೊಂಟಾವ ನೋಡ್ವಾ!" ಎಂದು ಯಾರೋ ಕೂಗುತ್ತಾರೆ, ನಲ್ಲಿ ನಿಲ್ಲುತ್ತದೆ. ಅಷ್ಟು ಹೊತ್ತೂ ಮೇಡಮ್ ಪ್ರಶ್ನೆಯನ್ನು ಬದಲಿಸುವುದಿಲ್ಲ, ಸಮಾಧಾನ ಹೇಳುವುದಿಲ್ಲ, ಕುರ್ಚಿಯೂ ಕದಲುವುದಿಲ್ಲ.

"ಇದನ್ನ ಯಾರೂ ಕೇಳಿದ್ದಿಲ್ರಿ," ಎನ್ನುತ್ತಾನೆ ಹುಡುಗ. ಮತ್ತೆ ಸ್ವಲ್ಪ ಹೊತ್ತಿಗೆ, "ಅನಸ್ತದರಿ."

"ಹೇಳು. ನಾ ಎಲ್ಲೂ ಹೋಗಂಗಿಲ್ಲ."

ನಾನು ಕಿವಿಗೆ ಹಾಕಿಕೊಂಡಿದ್ದನ್ನು ತೆಗೆದಿಟ್ಟೆ. ಆ ಚಿಕಿತ್ಸೆ ಫಲ ಕೊಡುತ್ತದೆಯೋ ಇಲ್ಲವೋ ಆ ದಿನ ಆ ಹೆಂಗಸಿಗೆ ತಿಳಿದಿರಲಿಲ್ಲ. ತಿಳಿಯಲೆಂದೇ ಸಂಶೋಧನೆ ನಡೆದಿತ್ತು. ನಾಳೆ ಬೇಡವೆನ್ನುತ್ತಿದ್ದ ಆ ಹುಡುಗ, ತಾನು ಎಂದೂ ಕಾಣದವರಿಗೆ ಉಪಯೋಗವಾಗಲಿ ಎಂದು ತನ್ನ ದನಿಯನ್ನು ಉಳಿಸಿಡಲು ಒಪ್ಪಿದ್ದ. ಅವನ ಔದಾರ್ಯವನ್ನು ಅಳೆಯುವ ಶಬ್ದ ನಮ್ಮ ಕಾಲದ ಭಾಷೆಯಲ್ಲೂ ಇಲ್ಲ.

ಮರುದಿನ ಮುಗುಳಿಯ ಜೊತೆ ಮಾಳಿಗೆಯ ಮೇಲೆ ಶೇಂಗಾ ಬಿಡಿಸುತ್ತ ಕೂತೆ. ಸಂಜೆಪ್ರಶ್ನೆ ಕೇಳಿದೆ. "ಇಲ್ಲ, ನಿನಗ?" ಎಂದಳು. ನಾನು ಉತ್ತರಿಸಲಿಲ್ಲ, ಏಳಲೂ ಇಲ್ಲ. ಸಿಪ್ಪೆಯ ರಾಶಿ ಬೆಳೆಯಿತು. ನೆರಳುಬಟ್ಟೆ ಸುತ್ತುವವರು ನಮ್ಮ ಓಣಿಗೆ ಬಂದು, ಕೆಲಸ ಮುಗಿಸಿ, ಹೋದರು.

"ಅತ್ತಿ, ಹಿಂಗ್ಯಾಕ ಕುಂತಿ? ನಿನ್ನ ಪಾಳಿ ಅದ."

"ನನ್ನ ಪಾಳಿ ಮುಗದದ. ನಿಂದ ಇನ್ನೂ ಅದ."

ಅವಳು ಸಿಟ್ಟಿನಿಂದ ನನ್ನನ್ನು ನೋಡಿದಳು. ಆಮೇಲೆ ಕೈಯಲ್ಲಿದ್ದ ಕಾಯನ್ನು ಬಿಡಿಸದೆ ಹಿಡಿದುಕೊಂಡು, "ಇವತ್ತೂ ಅನಸೇದ ಅತ್ತಿ," ಎಂದಳು.

ಆ ಸಂಜೆಯೇ ಇಬ್ಬರೂ ಚಿಕಿತ್ಸಕಿಯ ಬಳಿ ಹೋದೆವು. ಈಗ ಅವಳು ವಾರಕ್ಕೆರಡು ಸಲ ತಾನಾಗಿಯೇ ಹೋಗುತ್ತಾಳೆ. ಕೆಲವು ದಿನ ಅಳುತ್ತ ಬರುತ್ತಾಳೆ, ಕೆಲವು ದಿನ ಹಸಿದು ಬರುತ್ತಾಳೆ. ಎಲ್ಲ ಸರಿಹೋಯಿತೆಂದು ಬರೆಯಲಾರೆ. ಆದರೆ ಅವಳು ಹೇಳುತ್ತಿದ್ದಾಳೆ.

ಒಂದು ವಿನಂತಿ. ನಿಮ್ಮ ಧ್ವನಿಮುದ್ರಣಗಳನ್ನು ಜೋಪಾನ ಮಾಡುವ ದಿನ, ಮಾತಿಲ್ಲದ ಭಾಗಗಳಲ್ಲಿ ಏನೂ ಇಲ್ಲವೆಂದು ಯಂತ್ರ ತೋರಿಸುತ್ತದೆ. ತೆಗೆಯಲೇ ಎಂದು ನಿಮ್ಮನ್ನು ಕೇಳುತ್ತದೆ. ದಯವಿಟ್ಟು ಬೇಡವೆನ್ನಿ. ಇನ್ನೂ ಯಾವ ಮನೆಗಳಲ್ಲಿ ಯಾರು ಉತ್ತರಕ್ಕಾಗಿ ಕಾಯುವುದನ್ನು ಕಲಿಯಬೇಕಾಗಿದೆಯೋ, ನಾನೊಬ್ಬಳೇ ಹೇಳಿ ಮುಗಿಸಲಾರೆ.

ಗೌರವದಿಂದ,
ಮುಗುಳಿಯ ಅತ್ತೆ